ಮಡಿಲಲ್ಲಿ ಮಲಗಿದ ಚಕ್ರ

"ಇವತ್ತು ನಾನು ಯಾವುದನ್ನೂ ಎರಡನೇ ಸಲ ನೋಡೋದಿಲ್ಲ! ಬೇಕಾದ್ರೆ ಗೋಡೆ ಮೇಲೆ ಬರೆದಿಟ್ಕೊಳ್ಳಿ!"

ಈ ಘೋರ ಪ್ರತಿಜ್ಞೆ ಮೊಳಗಿದ್ದು ಅಡುಗೆಮನೆಯ ಬಾಗಿಲಲ್ಲಿ. ಮೊಳಗಿಸಿದವಳು ಗ್ಯಾಸ್ ಒಲೆ ಆರಿದೆಯೇ ಎಂದು ಆಗತಾನೇ ಮೂರನೇ ಸಲ ನೋಡಿಕೊಂಡು ಹೊರಬಂದಿದ್ದಳು. ಮೂರನೇ ಸಲ ನೋಡಿದರೆ ಎರಡನೇ ಸಲ ನೋಡಿದ ಹಾಗಾಗುವುದಿಲ್ಲವಲ್ಲ! ತಲೆಯ ಮೇಲೆ ಹೆಲ್ಮೆಟ್ಟು, ಬೆನ್ನಿಗೆ ಚೀಲ, ಕಣ್ಣ ಕೆಳಗೆ ಮಗು ಹುಟ್ಟಿದಾಗಿನಿಂದ ಬಾಕಿ ಉಳಿದ ನಿದ್ದೆಯ ಕಪ್ಪು. ಯುದ್ಧಕ್ಕೆ ಹೊರಟ ಸೇನಾಪತಿಯೊಬ್ಬ ಕೂತಲ್ಲೇ ತೂಕಡಿಸುತ್ತಿದ್ದರೆ ಹೇಗಿರುತ್ತಾನೋ ಹಾಗಿದ್ದಳು.

ಅವಳ ಕೆಲಸ ಲಿಫ್ಟುಗಳ ತಪಾಸಣೆ. ಎತ್ತರದ ಕಟ್ಟಡಗಳಿಗೆ ಹೋಗಿ ಲಿಫ್ಟಿನ ಹಗ್ಗ, ಬ್ರೇಕು, ಬಾಗಿಲುಗಳನ್ನು ಅನುಮಾನದಿಂದ ನೋಡುವುದು, ನೋಡಿದ್ದನ್ನು ಮತ್ತೆ ನೋಡುವುದು, ಎಳೆದು ಜಗ್ಗಿ ಒದ್ದು ನೋಡುವುದು, ಕೊನೆಗೆ ಒಲ್ಲದ ಮನಸ್ಸಿನಿಂದ "ಸರಿಯಿದೆ" ಎನ್ನುವುದು. ಸಂಶಯಪಡುವುದಕ್ಕೇ ಸಂಬಳ ಕೊಡುವ ಕಂಪನಿ! ಇಂಥ ಭಾಗ್ಯ ಎಷ್ಟು ಮಂದಿಗೆ ಉಂಟು? ಮಗು ಹುಟ್ಟಿ ರಜೆಯ ಮೇಲೆ ಮನೆಯಲ್ಲಿ ಕುಳಿತ ಮೇಲೆ ಆ ಪ್ರತಿಭೆಯೆಲ್ಲ ತೊಟ್ಟಿಲ ಕಡೆಗೆ ಹರಿಯಿತು. ಮಗು ಮಲಗಿದರೆ, ಉಸಿರಾಡುತ್ತಿದೆಯೇ ಎಂದು ಅದರ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಉಸಿರಾಡುತ್ತಿತ್ತು. ಆದರೆ ಬೆರಳು ತಾಗಿ ಎಚ್ಚರವೂ ಆಗುತ್ತಿತ್ತು. ಎಚ್ಚರವಾದ ಮೇಲೆ ಮನೆಯಲ್ಲಿ ಇನ್ಯಾರಿಗೂ ಉಸಿರಾಡಲು ಪುರುಸೊತ್ತು ಇರುತ್ತಿರಲಿಲ್ಲ.

ಗಂಡ ಹಲ್ಲಿನ ಡಾಕ್ಟರು. ಬೆಳಗ್ಗೆಯಿಂದ ಸಂಜೆಯವರೆಗೆ "ಸ್ವಲ್ಪ ಕೂಡ ನೋವಾಗಲ್ಲ" ಎಂದು ಹೇಳಿ ಹೇಳಿ, ಲೋಕದಲ್ಲಿ ಯಾವುದೂ ನೋವಾಗುವುದಿಲ್ಲ ಎಂದು ತಾನೇ ನಂಬಿಬಿಟ್ಟಿದ್ದ ಶಾಂತಮೂರ್ತಿ. ಹೆಂಡತಿಯನ್ನು ಪ್ರೀತಿಯಿಂದ 'ತಪಾಸಣೆ' ಎಂದು ಕರೆಯುತ್ತಿದ್ದ. ಕೋಪ ಬಂದಾಗಲೂ ಅದೇ ಹೆಸರು. ದನಿ ಮಾತ್ರ ಬೇರೆ.

"ತಪಾಸಣೆ, ಗೋಡೆ ಮೇಲೆ ಆಮೇಲೆ ಬರೆಯೋಣ. ಮೊದಲು ಹೊಸ್ತಿಲು ದಾಟು," ಎಂದ, ಎರಡೂ ಸೈಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು. ಸೈಕಲ್ಲೆಂದರೆ ಪೇಟೆಗೆ ಹೋಗುವ ಸೈಕಲ್ಲಲ್ಲ. ಗುಡ್ಡ ಹತ್ತುವ, ದಪ್ಪ ಟೈರಿನ, ಕಲ್ಲಿನ ಮೇಲೆ ಕುದುರೆಯ ಹಾಗೆ ನೆಗೆಯುವ ಸೈಕಲ್ಲು. ಮಗು ಬರುವ ಮುಂಚೆ ಇಬ್ಬರೂ ರಜೆ ಸಿಕ್ಕಿದರೆ ಸಾಕು, ಊರಾಚೆಯ ಗುಡ್ಡದ ಕಾಲುದಾರಿಯಲ್ಲೇ ಇರುತ್ತಿದ್ದರು.

ಆದರೆ ಇಂದಿನ ಸವಾರಿ ಬರೀ ಮೋಜಿನದಾಗಿರಲಿಲ್ಲ. ಅದೊಂದು ಪರೀಕ್ಷೆ. ಸೋಮವಾರ ಅವಳ ರಜೆ ಮುಗಿಯುತ್ತಿತ್ತು. ಆಫೀಸಿಗೆ ಹೋಗುವ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ಕೆಲವರಿಗೆ ತವರು ನೆನಪಾಗುವ ಹಾಗೆ ಅವಳಿಗೆ ಲಿಫ್ಟಿನ ತಳದ ಗುಂಡಿಯ ಗ್ರೀಸು ವಾಸನೆ ನೆನಪಾಗುತ್ತಿತ್ತು. ಮಗುವನ್ನು ಬಿಟ್ಟು ಹೋಗುವ ಭಯ ಮಾತ್ರ ಆ ಬೆಟ್ಟಕ್ಕಿಂತ ಒಂದು ಗೇಣು ಎತ್ತರವಿತ್ತು. ಕಡೆಗೆ ತಾನೇ ಒಂದು ಕರಾರು ಹಾಕಿಕೊಂಡಿದ್ದಳು: ಒಂದು ಬೆಳಗಿನ ಮಟ್ಟಿಗೆ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುವುದು. ನಾನಿಲ್ಲವೆಂದು ಅದು ಅಳದಿದ್ದರೆ ಸೋಮವಾರ ಆಫೀಸು. ಅತ್ತರೆ ಆಫೀಸಿಗೆ ಒಂದು ದೊಡ್ಡ ನಮಸ್ಕಾರ, ಮುಗಿಯಿತು.

ಅತ್ತೆ ನಿವೃತ್ತ ಗ್ರಂಥಪಾಲಕಿ. ತುಟಿಯ ಮೇಲೆ ಒಂದು ಬೆರಳಿಟ್ಟು "ಶ್!" ಎಂದರೆ ಇಡೀ ಊರಿನ ಬಾಯಿ ಮುಚ್ಚಿಸಿದ ಹೆಂಗಸು. ಮಲಗಿದ್ದ ಮಗುವಿನ ಕೋಣೆಯ ಬಾಗಿಲನ್ನು ಓರೆ ಮಾಡಿ, ಸೊಸೆಯ ಮುಂದೆ ಅಂಗೈ ಚಾಚಿದರು.

"ಫೋನು."

"ಅತ್ತೆ, ಅದು ಮಾತ್ರ ಇರಲಿ. ಒಂದೇ ಒಂದು ಸಲ ಮಾಡ್ತೀನಿ. ಉಸಿರಾಡ್ತಿದೆಯಾ ಅಂತ ಮಾತ್ರ ಕೇಳಿ ಇಟ್ಟುಬಿಡ್ತೀನಿ."

"ಉಸಿರಾಡ್ದೆ ಎಲ್ಲಿಗೆ ಹೋಗುತ್ತೆ ತಾಯಿ? ನಿನ್ನ ಗಂಡನ್ನೂ ನಾನೇ ಸಾಕಿದ್ದು. ನೋಡು, ಇನ್ನೂ ಉಸಿರಾಡ್ತಾ ಇದಾನೆ."

ಫೋನು ಪುಸ್ತಕದ ಬೀರುವಿನೊಳಗೆ ಸೇರಿತು. ಬೀಗ ಬಿತ್ತು. ಅವಳು ಹೊಸ್ತಿಲು ದಾಟಿದಳು.

ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಲೋಕವೇ ಬದಲಾಗಿತ್ತು. ಮಂಜು ಇನ್ನೂ ಏಳಲು ಮನಸ್ಸಿಲ್ಲದೆ ಹುಲ್ಲಿನ ಮೇಲೆ ಹೊರಳಾಡುತ್ತಿತ್ತು. ಮರಗಳು ಒಂದೊಂದಾಗಿ ಮಂಜಿನಿಂದ ಹೊರಬಂದು, ಇವರನ್ನು ನೋಡಿ, ಮತ್ತೆ ಒಳಗೆ ಹೋಗುತ್ತಿದ್ದವು. ಟೈರಿನ ಕೆಳಗೆ ಒದ್ದೆ ಎಲೆಗಳು ಪಿಸುಗುಡುತ್ತಿದ್ದವು. ಎಲ್ಲೋ ಒಂದು ಹಕ್ಕಿ ಅರ್ಧ ವಾಕ್ಯ ಹೇಳಿ, ಉಳಿದರ್ಧ ಮರೆತು, ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ನಿದ್ದೆಗೆಟ್ಟ ಕಣ್ಣಿಗೆ ಇದೆಲ್ಲ ನಿಜವೋ, ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕಂಡ ಕನಸೋ ತಿಳಿಯಲಿಲ್ಲ. ಪೆಡಲು ತಾನಾಗಿಯೇ ತಿರುಗುತ್ತಿತ್ತು, ದಾರಿ ತಾನಾಗಿಯೇ ಹರಿಯುತ್ತಿತ್ತು, ಅವಳು ಅದರ ಮೇಲೆ ಒಂದು ಎಲೆಯ ಹಾಗೆ ತೇಲುತ್ತಿದ್ದಳು.

"ರೀ," ಎಂದಳು ತೇಲುತ್ತಲೇ, "ನನಗೆ ಸ್ವಲ್ಪವೂ ಚಿಂತೆ ಆಗ್ತಾ ಇಲ್ಲ."

"ಭೇಷ್!"

"ಚಿಂತೆ ಆಗ್ತಾ ಇಲ್ಲವಲ್ಲ ಅಂತ ಚಿಂತೆ ಆಗ್ತಾ ಇದೆ."

ಆಗಲೇ ಕೇಳಿಸಿತು, ಸ್‌ಸ್‌ಸ್‌ಸ್!

ಒಂದು ಕ್ಷಣ ಅವಳಿಗೆ ಅತ್ತೆಯೇ ಗುಡ್ಡದ ಮೇಲೆ ಬಂದು ಬಾಯಿ ಮುಚ್ಚಿಸುತ್ತಿದ್ದಾರೆ ಅನ್ನಿಸಿತು. ಅಲ್ಲ. ಅವಳ ಸೈಕಲ್ಲಿನ ಮುಂದಿನ ಚಕ್ರ. ಹೆಬ್ಬೆರಳ ಉಗುರಿನಷ್ಟುದ್ದದ ಒಂದು ಮುಳ್ಳು ರಬ್ಬರಿಗೆ ನಾಟಿಕೊಂಡು, ಅದರ ಬುಡದಲ್ಲಿ ಬಿಳಿಯ ಗುಳ್ಳೆಗಳು ಪುಟಪುಟ ಏಳುತ್ತಿದ್ದವು.

ಇಲ್ಲೊಂದು ವಿಷಯ ಹೇಳಬೇಕು. ಇದು ಟ್ಯೂಬ್‌ಲೆಸ್ ಟೈರು. ಒಳಗೆ ಟ್ಯೂಬಿರುವುದಿಲ್ಲ, ಬದಲಿಗೆ ಹಾಲಿನಂಥ ಒಂದು ದ್ರವ ಇರುತ್ತದೆ, ಸೀಲೆಂಟು ಎಂದು ಅದರ ಹೆಸರು. ಮುಳ್ಳು ಚುಚ್ಚಿದ ಕೂಡಲೇ ಈ ಹಾಲು ತೂತಿನ ಕಡೆಗೆ ಓಡಿಬಂದು, ಅಲ್ಲೇ ಹೆಪ್ಪುಗಟ್ಟಿ, ತೂತನ್ನು ತಾನೇ ಮುಚ್ಚುತ್ತದೆ. ಸವಾರರು ಮಾಡಬೇಕಾದ ಕೆಲಸ ಒಂದೇ ಒಂದು: ಏನೂ ಮಾಡದೆ ಇರುವುದು. ಭೂಮಿಯ ಮೇಲೆ ಅವಳಿಗೆ ಬಾರದಿದ್ದ ಕೆಲಸವೆಂದರೆ ಅದೊಂದೇ!

"ಮುಟ್ಬೇಡ," ಎಂದ ಗಂಡ. "ಮುಳ್ಳು ಅಲ್ಲೇ ಇರಲಿ. ತೂತು ಕೆಳಗೆ ಬರೋ ಹಾಗೆ ಚಕ್ರ ತಿರುಗಿಸಿ ಸುಮ್ನೆ ನಿಲ್ಲೋಣ. ಅದೇ ಮುಚ್ಕೊಳ್ಳುತ್ತೆ."

"ಮುಟ್ಟಲ್ಲ. ಎಷ್ಟು ಆಳ ಹೋಗಿದೆ ಅಂತ ನೋಡ್ತೀನಿ ಅಷ್ಟೆ."

"ನೋಡೋದು ಕಣ್ಣಲ್ಲಿ. ಬೆರಳಲ್ಲಲ್ಲ!"

"ಕೀಳದೆ ಆಳ ಹೇಗ್ರೀ ಗೊತ್ತಾಗುತ್ತೆ? ನೀವು ಹಲ್ಲು ಕೀಳಲ್ವಾ?"

"ಕಿತ್ತ ಮೇಲೆ ರೋಗಿ ನಡ್ಕೊಂಡು ಮನೆಗೆ ಹೋಗ್ತಾನೆ. ನಾವು ಸೈಕಲ್ ಹತ್ಕೊಂಡು ಹೋಗ್ಬೇಕು!"

ಅಷ್ಟರಲ್ಲಿ ಮುಳ್ಳು ಅವಳ ಎರಡು ಬೆರಳ ನಡುವೆ ಇತ್ತು. ಟೈರಿನಿಂದ ಒಂದು ಸಪೂರವಾದ ಬಿಳಿ ಕಾರಂಜಿ ಮಂಜಿನ ನಡುವೆ ಎದ್ದು, ಬಿಸಿಲ ಕೋಲೊಂದರಲ್ಲಿ ಮಿನುಗಿ, ಮೆಲ್ಲಗೆ ಬಾಗಿ, ಗಂಡನ ಕನ್ನಡಕದ ಮೇಲೆ ಇಳಿಯಿತು. ಇಷ್ಟು ಸುಂದರವಾದ ಅನಾಹುತವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

"ಆಳ ಎಷ್ಟಿತ್ತು?" ಎಂದು ಕೇಳಿದ ಗಂಡ, ಕನ್ನಡಕ ಒರೆಸಿಕೊಳ್ಳುತ್ತ.

"ಜಾಸ್ತಿ ಏನಿರಲಿಲ್ಲ," ಎಂದಳು ಸಣ್ಣ ದನಿಯಲ್ಲಿ.

ಚಕ್ರ ಎತ್ತಿ ಗರಗರ ತಿರುಗಿಸಿದರು. ಕಾರಂಜಿ ಹನಿಯಾಯಿತು, ಹನಿ ಗುಳ್ಳೆಯಾಯಿತು, ಗುಳ್ಳೆ ನಿಂತಿತು. ತೂತಿನ ಬಾಯಲ್ಲಿ ಹಾಲಿನ ಕೆನೆಯಂಥ ಒಂದು ಸಣ್ಣ ಪೊರೆ. ಕಾಡೆಲ್ಲ ನಿಶ್ಶಬ್ದ. ಅರ್ಧ ವಾಕ್ಯದ ಹಕ್ಕಿ ಕೂಡ ಕಾದು ಕುಳಿತಂತಿತ್ತು.

"ನೋಡಿದ್ಯಾ? ಮುಚ್ಕೊಳ್ತು. ಹೊರಡೋಣ."

"ಮುಚ್ಕೊಂಡಿದೆಯೋ, ಮುಚ್ಕೊಂಡ ಹಾಗೆ ನಾಟಕ ಆಡ್ತಿದೆಯೋ?"

"ಟೈರು ಯಾಕೆ ನಾಟಕ ಆಡುತ್ತೆ ಮಾರಾಯ್ತಿ!"

"ಮಗು ಆಡಲ್ವಾ? ಕಣ್ಣು ಮುಚ್ಚಿರುತ್ತೆ, ನಾವು ಕೋಣೆಯಿಂದ ಆಚೆ ಕಾಲಿಟ್ಟ ಕೂಡಲೇ..." ಎನ್ನುತ್ತ ಅವಳು ಬೆರಳ ತುದಿಯಿಂದ ಆ ಪೊರೆಯನ್ನು ಒಂದೇ ಒಂದು ಸಲ, ಅತ್ಯಂತ ನಯವಾಗಿ, ತಾಯಿಯ ಮಮತೆಯಿಂದ, ಉಜ್ಜಿದಳು.

ಸ್‌ಸ್‌ಸ್‌ಸ್!

ಈ ಸಲ ತೂತು ಹಟ ಹಿಡಿಯಿತು. ತಿರುಗಿಸಿದರೂ ಮುಚ್ಚಲಿಲ್ಲ. ಗಂಡ ಚೀಲದಿಂದ ರಿಪೇರಿ ಸಾಮಾನು ತೆಗೆದ. ಅಂಟಂಟಾದ ರಬ್ಬರಿನ ಎಳೆಯನ್ನು ಸೂಜಿಯ ಕಣ್ಣಿಗೆ ಪೋಣಿಸಿ, ತೂತಿಗೆ ತುರುಕಿ, ಸೂಜಿಯನ್ನು ಮಾತ್ರ ಸರಕ್ಕನೆ ಹಿಂದಕ್ಕೆ ಎಳೆಯಬೇಕು. ಎಳೆ ಒಳಗೇ ಉಳಿದು ಬಿರಡೆಯಾಗುತ್ತದೆ. ಇದು ಅವನ ಕ್ಷೇತ್ರ! ಮೊಣಕಾಲೂರಿ, ಚಕ್ರದ ಹತ್ತಿರಕ್ಕೆ ಮುಖ ತಂದು, ಅಭ್ಯಾಸಬಲದಿಂದ "ಸ್ವಲ್ಪ ಕೂಡ ನೋವಾಗಲ್ಲ" ಎಂದ. ಎಳೆ ಒಳಗೆ ಹೋಯಿತು. ಸೂಜಿ ಹೊರಗೆ ಬಂತು. ಪಂಪು ಒತ್ತಿದ. ಟೈರು ಉಬ್ಬಿತು, ಗಟ್ಟಿಯಾಯಿತು, ಹುಳುವಿನ ಬಾಲದಂತೆ ಎಳೆಯ ತುದಿ ಮಾತ್ರ ಹೊರಗೆ ಉಳಿಯಿತು.

"ಫಸ್ಟ್ ಕ್ಲಾಸ್ ಫಿಲ್ಲಿಂಗು. ಇನ್ನು ಇದರಲ್ಲಿ ಕಬ್ಬಿಣದ ಕಡಲೆ ಬೇಕಾದ್ರೂ ಅಗೀಬಹುದು."

ಆ ಬಾಲ ಅವಳನ್ನು ನೋಡಿತು. ಅವಳು ಆ ಬಾಲವನ್ನು ನೋಡಿದಳು. ಜಗ್ಗಿ ನೋಡದ ಜೋಡಣೆ ಜೋಡಣೆಯೇ ಅಲ್ಲ, ಇದು ಅವಳ ವೃತ್ತಿಯ ಮೊದಲ ಪಾಠ. ಎಂಥೆಂಥ ಕಟ್ಟಡಗಳಲ್ಲಿ ಎಂಥೆಂಥ ಹಗ್ಗಗಳನ್ನು ಜಗ್ಗಿಲ್ಲ ಅವಳು! ಇದೊಂದು ನೂಲು ಯಾವ ಲೆಕ್ಕ?

ಜಗ್ಗಿದಳು.

'ಪೊಂಯ್' ಎಂದಿತು. ಬಾಲ ಅವಳ ಕೈಗೆ ಬಂತು. ತೂತು ಈಗ ಮೊದಲಿನದಕ್ಕಿಂತ ಅಗಲವಾಗಿ, ಬಾಯಿ ತೆರೆದು, ಗಂಡನ ಮುಖದ ಮೇಲೆಯೇ ನಿಡುಸುಯ್ದಿತು.

ಗಂಡ ತೋಳಿನಿಂದ ಮುಖ ಒರೆಸಿಕೊಂಡ.

"ನಮ್ಮ ಕ್ಲಿನಿಕ್ಕಲ್ಲಿ," ಎಂದ ಕಡೆಗೆ, "ಫಿಲ್ಲಿಂಗ್ ಆದ ತಕ್ಷಣ ಬೆರಳು ಹಾಕಿ ಜಗ್ಗೋ ಪೇಷೆಂಟುಗಳಿಗೆ ಏನು ಮಾಡ್ತೀವಿ ಗೊತ್ತಾ?"

"ಏನು?"

"ಅಂಥೋರು ಇದುವರೆಗೆ ಬಂದಿಲ್ಲ. ನೀನೇ ಮೊದಲು."

ಎರಡು ಎಳೆಗಳನ್ನು ಒಟ್ಟಿಗೆ ಹೊಸೆದು ತುರುಕಿದ್ದಾಯಿತು. ಮತ್ತೆ ಪಂಪು. ಹೆಂಡತಿಯನ್ನು ಒಂದು ಕಲ್ಲಿನ ಮೇಲೆ ಕೂರಿಸಿ, "ನಿನ್ನ ಕೈ ಮೇಲೆ ನೀನೇ ಕೂತ್ಕೋ. ನಾನು ಝರಿಯಲ್ಲಿ ಮುಖ ತೊಳ್ಕೊಂಡು ಬರೋವರೆಗೂ ಏಳ್ಬೇಡ," ಎಂದು ಹೇಳಿ ಮರಗಳ ನಡುವೆ ಇಳಿದುಹೋದ.

ಅವಳು ಪ್ರಾಮಾಣಿಕವಾಗಿ ಕೈ ಮೇಲೆ ಕುಳಿತಳು. ಮಂಜು ಎದ್ದುಹೋಗುತ್ತಿತ್ತು. ಬಿಸಿಲು ಒಂದೊಂದೇ ಕೊಂಬೆ ಇಳಿದು ಕೆಳಕ್ಕೆ ಬರುತ್ತಿತ್ತು. ಮನೆಯಲ್ಲಿ ಮಗು ಹೊರಳುವ ಹೊತ್ತು. ಮೊದಲು ಎಡಗಾಲು ಒದೆಯುತ್ತದೆ, ಆಮೇಲೆ ಕೈ ಬಾಯಿಗೆ ಹೋಗುತ್ತದೆ, ಆಮೇಲೆ ಕಣ್ಣು ತೆರೆದು ನನ್ನನ್ನು ಹುಡುಕುತ್ತದೆ... ಬೇಗ ಹೋಗಬೇಕು. ಬೇಗ ಹೋಗಬೇಕಾದರೆ ಟೈರು ದಾರಿಯಲ್ಲಿ ಕೈಕೊಡಬಾರದು. ಕೈಕೊಡಬಾರದೆಂದರೆ ಒಳಗೆ ಹಾಲಿರಬೇಕು. ಇಷ್ಟೆಲ್ಲ ಚೆಲ್ಲಿದ ಮೇಲೆ ಒಳಗೆ ಎಷ್ಟು ಉಳಿದಿದೆ? ಉಳಿದಿದೆಯೋ ಇಲ್ಲವೋ? ಇದನ್ನು ಒಂದು ಸಲವೂ ನೋಡಿಲ್ಲ! ಎರಡನೇ ಸಲ ನೋಡುವುದಿಲ್ಲ ಎಂದು ತಾನೇ ಪ್ರತಿಜ್ಞೆ? ಮೊದಲನೇ ಸಲಕ್ಕೆ ಏನು ಅಡ್ಡಿ?

ಗಾಳಿ ತುಂಬುವ ನಳಿಕೆಯನ್ನು ಬಿಚ್ಚಿ, ಒಳಗೆ ಒಂದು ಕಡ್ಡಿ ಇಳಿಸಿ ನೋಡಿದರೆ ಹಾಲಿನ ಮಟ್ಟ ತಿಳಿಯುತ್ತದೆ. ಇದು ಸರಿಯಾದ ವಿಧಾನವೇ. ಆದರೆ ಅದಕ್ಕೆ ಮೊದಲು ಗಾಳಿಯನ್ನು ಮೆಲ್ಲಗೆ ಬಿಟ್ಟುಬಿಡಬೇಕು, ನಳಿಕೆ ಮೇಲ್ಗಡೆ ಇರಬೇಕು. ಅವಳು ಬಿಚ್ಚುವಾಗ ಟೈರು ಕಲ್ಲಿನಂತೆ ಗಟ್ಟಿಯಾಗಿತ್ತು, ನಳಿಕೆ ಕೆಳಗಡೆ ಇತ್ತು, ಹಾಲೆಲ್ಲ ಅಲ್ಲೇ ಬಂದು ನಿಂತಿತ್ತು, ಮತ್ತು ಚೆನ್ನಾಗಿ ಕಾಣಲೆಂದು ಅವಳು ಮುಖವನ್ನು ಸಾಕಷ್ಟು ಹತ್ತಿರ ಇಟ್ಟಿದ್ದಳು.

ಝರಿಯಿಂದ ಮುಖ ತೊಳೆದು ಹಸನ್ಮುಖಿಯಾಗಿ ಬಂದ ಗಂಡನಿಗೆ, ಕಲ್ಲಿನ ಪಕ್ಕದಲ್ಲಿ ಸುಣ್ಣ ಬಳಿದ ಒಂದು ವಿಗ್ರಹ ಕುಳಿತಿರುವುದು ಕಂಡಿತು. ವಿಗ್ರಹದ ಹುಬ್ಬಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ರೆಪ್ಪೆ ಬಡಿಯಿತು. ಅದರ ತೊಡೆಯ ಪಕ್ಕದಲ್ಲಿ ಟೈರು, ಉಪವಾಸ ಬಿದ್ದ ಹಾವಿನ ಹಾಗೆ, ಚಪ್ಪಟೆ.

"ಏನು ಮಾಡ್ದೆ?"

"ಎಷ್ಟು ಉಳಿದಿದೆ ಅಂತ ನೋಡ್ದೆ."

"ಎಷ್ಟು ಉಳಿದಿದೆ?"

"ಈಗ... ನನ್ನ ತಲೆ ಮೇಲೆ ಎಷ್ಟಿದೆಯೋ ಅಷ್ಟು ಕಡಿಮೆ."

ಗಂಡನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. "ನಗ್ತೀರಲ್ರೀ! ಅಲ್ಲಿ ಮಗು ಎದ್ದಿರುತ್ತೆ! ನಡ್ಕೊಂಡು ಹೋದ್ರೆ ಸಂಜೆ ಆಗುತ್ತೆ! ಸೋಮವಾರನೂ ಹೋಯ್ತು, ಆಫೀಸೂ ಹೋಯ್ತು, ಎಲ್ಲಾ ಈ ಹಾಳು ತೂತಲ್ಲೇ ಹೋಯ್ತು! ನಿಮ್ಮ ಫೋನ್ ಕೊಡಿ, ಒಂದೇ ನಿಮಿಷ!"

"ತಗೋ. ಆದರೆ ಇಲ್ಲಿ ಸಿಗ್ನಲ್ ಇಲ್ಲ. ಮರ ಹತ್ತಿದ್ರೆ ಸಿಗಬಹುದೇನೋ."

ಅವಳು ನಿಜಕ್ಕೂ ಮರವೊಂದನ್ನು ಬುಡದಿಂದ ತುದಿಯವರೆಗೆ ನೋಡಿದಳು. ಆ ನೋಟ ಕಂಡು ಗಂಡನ ನಗು ತಟ್ಟನೆ ನಿಂತಿತು.

"ಇಲ್ಲಿ ಬಾ," ಎಂದ ಮೆಲ್ಲಗೆ. ಚೀಲದ ತಳದಿಂದ ಸೀಲೆಂಟಿನ ಒಂದು ಪುಟ್ಟ ಬಾಟಲಿ ತೆಗೆದ. ಮೂತಿಯಿರುವ ಬಾಟಲಿ, ಥೇಟು ಮಗುವಿನ ಹಾಲಿನ ಬಾಟಲಿಯ ತಂಗಿ. "ಇರೋದು ಇದೊಂದೇ. ಇದನ್ನು ಕುಡಿಸ್ತೀನಿ, ಪಂಪ್ ಹೊಡೀತೀನಿ. ಆದರೆ ಟೈರಿನ ಅಂಚು ಸಡಿಲ ಆಗಿದೆ, ಸುತ್ತಲೂ ಸಣ್ಣಗೆ ಗಾಳಿ ಸೋರುತ್ತೆ. ಚಕ್ರನ ಅಡ್ಡ ಮಲಗಿಸಿಕೊಂಡು ಆಚೆ ಈಚೆ ತೂಗಬೇಕು, ಹಾಲು ಅಂಚಿಗೆಲ್ಲ ಹರಡೋ ಹಾಗೆ. ಇದನ್ನು ನೀನು ಮಾಡು. ನಿನಗಿಂತ ಚೆನ್ನಾಗಿ ತೂಗೋರು ಈ ಕಾಡಲ್ಲಿ ಯಾರೂ ಇಲ್ಲ."

"ಮುಚ್ಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಬಾರದು! ಕಣ್ಣು ಮುಚ್ಕೊಂಡು ತೂಗು. ಕಿವಿ ಇಟ್ಟು ಕೇಳೋದು ಬೇಡ, ಉಗುಳು ಹಚ್ಚಿ ನೋಡೋದು ಬೇಡ, ಮೂಸೋದೂ ಬೇಡ. ನೀನು ಕಣ್ಣು ಬಿಟ್ರೆ ನಾನು ಸನ್ಯಾಸಿ ಆಗ್ತೀನಿ."

ಬಾಟಲಿ ಬರಿದಾಯಿತು. ಪಂಪು ಏದುಸಿರು ಬಿಟ್ಟಿತು, ಪಂಪಿಗಿಂತ ಹೆಚ್ಚು ಗಂಡ ಬಿಟ್ಟ. ಬಿಚ್ಚಿದ ಚಕ್ರ ಅವಳ ಮಡಿಲಿಗೆ ಬಂತು. ಹುಲ್ಲಿನ ಮೇಲೆ ಕಾಲು ಚಾಚಿ, ಮರಕ್ಕೆ ಒರಗಿ, ಕಣ್ಣು ಮುಚ್ಚಿದಳು. ಆಚೆಗೊಮ್ಮೆ ಬಾಗಿಸಿದಳು, ಈಚೆಗೊಮ್ಮೆ ಬಾಗಿಸಿದಳು. ಒಳಗೆ ಹಾಲು ಮೆಲ್ಲಗೆ ಹರಿದಾಡುವುದು ತೊಡೆಗೆ ತಿಳಿಯುತ್ತಿತ್ತು. ಸುಮ್ಮನೆ ತೂಗುವುದು ಅವಳಿಗೆ ಅಭ್ಯಾಸವಿಲ್ಲ, ಬಾಯಿ ತಾನಾಗಿಯೇ "ಜೋ... ಜೋ..." ಎಂದಿತು.

"ಟೈರಿಗೆ ಜೋಗುಳಾನಾ?" ಎಂದ ಗಂಡ, ಎಲ್ಲಿಂದಲೋ, ದೂರದಿಂದ.

"ಸುಮ್ನಿರಿ, ಎದ್ದುಬಿಡುತ್ತೆ."

ಬಿಸಿಲು ಮುಖದ ಮೇಲಿನ ಬಿಳಿಯನ್ನು ಒಣಗಿಸುತ್ತ ಬೆಚ್ಚಗೆ ಬಿಗಿಯಿತು. ಅರ್ಧ ವಾಕ್ಯದ ಹಕ್ಕಿಗೆ ಉಳಿದರ್ಧ ನೆನಪಾಯಿತೋ ಏನೋ, ಅದೂ ಸುಮ್ಮನಾಯಿತು. ಒರಗಿದ್ದ ಮರದ ಕಾಂಡದಲ್ಲಿ ಒಂದು ಬಾಗಿಲು ಸರಿಯಿತು. ಒಳಗೆ ಲಿಫ್ಟು! ಅವಳು ಚಕ್ರ ಹೊತ್ತುಕೊಂಡೇ ಒಳಗೆ ಹೋದಳು. ಲಿಫ್ಟು ಬೇರಿನಿಂದ ಹೊರಟು ಕೊಂಬೆ ಕೊಂಬೆಗೂ ನಿಲ್ಲುತ್ತ ಏರಿತು. ಒಂದು ಮಹಡಿಯಲ್ಲಿ ಅತ್ತೆ ಮೇಜಿನ ಹಿಂದೆ ಕುಳಿತು ಎಲೆಗಳಿಗೆ ಮುದ್ರೆ ಒತ್ತುತ್ತಿದ್ದರು. ಇನ್ನೊಂದು ಮಹಡಿಯಲ್ಲಿ ಸಾಲುಸಾಲಾಗಿ ಚಕ್ರಗಳು ಹೊದಿಕೆ ಹೊದ್ದು ಮಲಗಿದ್ದವು, ಒಂದೊಂದರ ಉಸಿರೂ ಸಮವಾಗಿತ್ತು. ತುತ್ತತುದಿಯಲ್ಲಿ ಬಾಗಿಲು ತೆರೆದರೆ ಬರೀ ಮೋಡ. ಮೋಡದ ಮೇಲೆ ಮಗು, ಅವಳದೇ ಆಫೀಸಿನ ಹಳದಿ ಟೋಪಿ ಹಾಕಿಕೊಂಡು ಕುಳಿತಿತ್ತು. ಲಿಫ್ಟಿನ ಹಗ್ಗವನ್ನು ಪುಟ್ಟ ಕೈಯಲ್ಲಿ ಜಗ್ಗಿ ನೋಡಿತು. ಬಾಗಿಲನ್ನು ಕಾಲಲ್ಲಿ ಒದ್ದು ನೋಡಿತು. ಆಮೇಲೆ ಅವಳ ಮೂಗಿನ ಕೆಳಗೆ ಒಂದು ಬೆರಳಿಟ್ಟು, ಹಲ್ಲಿಲ್ಲದ ಬಾಯಿ ತೆರೆದು, ಗಂಭೀರವಾಗಿ ಹೇಳಿತು: "ಸರಿಯಿದೆ."

ಮೋಡದಲ್ಲಿ ಅವಳು ಮುಳುಗಿದಳು. ಹಾಗೆ ಅವಳು ಮುಳುಗಿ ಎಷ್ಟು ಕಾಲವಾಗಿತ್ತೋ!

ಎಚ್ಚರವಾದಾಗ ಮರದ ನೆರಳು ಬೇರೆಯ ಕಡೆಗೆ ಬಿದ್ದಿತ್ತು. ಕಣ್ಣು ಬಿಡಲು ನೋಡಿದರೆ ರೆಪ್ಪೆಗಳು ಅಂಟಿಕೊಂಡಿವೆ. ಒಂದನ್ನು ಬೆರಳಿಂದ ಬಿಡಿಸಬೇಕಾಯಿತು. ಮಡಿಲಲ್ಲಿ ಚಕ್ರ. ಟೈರು ಉಬ್ಬಿ, ಬಿಗಿದು, ತಣ್ಣಗೆ, ಹೊಟ್ಟೆ ತುಂಬಿದ ಕೂಸಿನ ಹಾಗೆ ನಿಶ್ಚಿಂತೆಯಿಂದ ಮಲಗಿತ್ತು. ಎದುರಿಗೆ ಗಂಡ, ಪಂಪನ್ನು ಎದೆಗೆ ಅವುಚಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹಲ್ಲಿನ ಡಾಕ್ಟರ ಬಾಯಿಯನ್ನು ಅಷ್ಟು ವಿವರವಾಗಿ ಅವಳು ಎಂದೂ ನೋಡಿರಲಿಲ್ಲ.

"ರೀ! ಏಳ್ರೀ! ಮಗು!"

"ಯಾರ ಮಗು?" ಎಂದು ಎದ್ದ ಗಂಡ.

"ನಮ್ದೇ ರೀ! ಮಧ್ಯಾಹ್ನ ಆಗಿಹೋಯ್ತು! ನನ್ನನ್ನ ಯಾಕೆ ಎಬ್ಬಿಸಲಿಲ್ಲ?"

"ಎಬ್ಬಿಸೋಣ ಅಂತ ಬಂದೆ. ಅಷ್ಟು ಚೆನ್ನಾಗಿ ಮಲಗಿದ್ದೆ... ನೋಡ್ತಾ ನೋಡ್ತಾ ನನಗೂ..."

"ಎಂಥ ತಾಯಿ ನಾನು! ಮಗು ಅಲ್ಲಿ ಗಂಟಲು ಹರಿದುಕೊಂಡು ಅಳ್ತಿರುತ್ತೆ, ನಾನಿಲ್ಲಿ ಟೈರು ತಬ್ಕೊಂಡು ಮಲಗಿದೀನಿ! ಕನಸು ಬೇರೆ ಕೇಡು!"

ಚಕ್ರ ಸೈಕಲ್ಲಿಗೆ ಸೇರಿತು. ಆಶ್ಚರ್ಯ! ಮುಚ್ಚಿದೆಯೇ ಎಂದು ಅವಳು ಮುಟ್ಟಿ ನೋಡಲಿಲ್ಲ. ಕಿವಿ ಇಟ್ಟು ಕೇಳಲಿಲ್ಲ. ಹತ್ತಿದಳು, ಹಾರಿದಳು. ಬೆಳಗ್ಗೆ ಎಲೆಯಂತೆ ತೇಲಿದ ದಾರಿಯಲ್ಲಿ ಈಗ ಉರುಳುಗಲ್ಲಿನಂತೆ ಇಳಿದಳು. ಬೇರು ನೆಗೆದಳು, ಹಳ್ಳ ಹಾರಿದಳು, ಹಿಂದಿನಿಂದ ಗಂಡ "ನಿಧಾನ! ನಿಧಾನ!" ಎಂದು ಕೂಗುತ್ತಿದ್ದ. ಜೀವಮಾನದಲ್ಲಿ ಅವಳಿಗೆ ಅವನು ಆ ಪದ ಹೇಳಬೇಕಾಗಿ ಬಂದದ್ದು ಅದೇ ಮೊದಲು. ಊರೊಳಗೆ ಬಂದಾಗ ಜನ ನಿಂತು ನೋಡಿದರು. ನೋಡದೇನು ಮಾಡುತ್ತಾರೆ? ಮುಖವೆಲ್ಲ ಒಣಗಿದ ಬಿಳಿ ರಬ್ಬರು, ಆ ರಬ್ಬರಿಗೆ ಅಂಟಿದ ಹುಲ್ಲು, ಹುಲ್ಲಿಗೆ ಸಿಕ್ಕಿದ ತರಗೆಲೆ. ಗುಡ್ಡವೇ ಎದ್ದು ಸೈಕಲ್ಲು ಹೊಡೆದುಕೊಂಡು ಪೇಟೆಗೆ ಬಂದಂತಿತ್ತು! ಮನೆಯ ಕಟ್ಟಡದ ಲಿಫ್ಟಿಗೆ ಅವಳು ಯಾವತ್ತೂ ಬಾಗಿಲು ಒದ್ದು ನೋಡದೆ ಕಾಲಿಟ್ಟವಳಲ್ಲ. ಇಂದು ಸೈಕಲ್ಲನ್ನು ಗಂಡನ ಮೇಲೆ ಎಸೆದು ಒಳಗೆ ನುಗ್ಗಿದಳು. ಅಳು ಇಲ್ಲಿಗೇ ಕೇಳಿಸುತ್ತಿದೆಯೇ? ಇಲ್ಲ. ಇಲ್ಲವೆಂದರೆ ಅತ್ತು ಅತ್ತು ದನಿಯೇ ಬಿದ್ದುಹೋಗಿದೆಯೇ?

ಬಾಗಿಲು ತೆರೆದ ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಬೆರಳನ್ನು ತುಟಿಯ ಮೇಲಿಟ್ಟರು.

"ಶ್! ಈಗ ತಾನೇ ಮಲಗಿದೆ."

"ಈಗ ತಾನೇ ಅಂದ್ರೆ... ಎದ್ದಿತ್ತು!"

"ಏಳ್ದೆ ಇರುತ್ತಾ? ಎದ್ದು, ಬಾಳೆಹಣ್ಣು ತಿಂದು, ನನ್ನ ಪುಸ್ತಕದ ಮೂಲೆ ಚೀಪಿ, ಕಿಟಕಿ ಹತ್ರ ಕೂತು ಪಾರಿವಾಳಕ್ಕೆಲ್ಲಾ ಬುದ್ಧಿ ಹೇಳಿ, ಮತ್ತೆ ಮಲಗ್ತು."

"ಎಷ್ಟು ಹೊತ್ತು ಅಳ್ತು ಅತ್ತೆ? ಸುಳ್ಳು ಹೇಳ್ಬೇಡಿ. ನಾನು ತಡ್ಕೋತೀನಿ."

"ಅಳೋದು ಯಾಕೆ?"

"ನಾನಿರಲಿಲ್ಲವಲ್ಲ!"

"ಹೌದು, ನೀನಿರಲಿಲ್ಲ," ಎಂದರು ಅತ್ತೆ. "ಯಾರೂ ಬೆರಳಿಡಲಿಲ್ಲ ನೋಡು, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತು ಅಂತೀಯಾ!"

ಅಷ್ಟರಲ್ಲಿ ಎರಡೂ ಸೈಕಲ್ಲುಗಳೊಂದಿಗೆ ಏದುತ್ತ ಬಂದ ಗಂಡನಿಗೆ ಕೊನೆಯ ಮಾತು ಕೇಳಿಸಿತು. "ಅಳಲೇ ಇಲ್ವಾ? ಗೆದ್ದೆ ಕಣೇ! ಸೋಮವಾರ ಆಫೀಸು! ಇನ್ನು ಊರಿನ ಲಿಫ್ಟುಗಳಿಗೆಲ್ಲ ಕಾದಿದೆ!"

ಗೆದ್ದಿದ್ದಳು. ಸಂಶಯವೇ ಇಲ್ಲ. ಕರಾರಿನ ಪ್ರಕಾರ ನೂರಕ್ಕೆ ನೂರು. ಅವಳು ನಡುಮನೆಯಲ್ಲಿ ನಿಂತೇ ಇದ್ದಳು. ಕೆಳತುಟಿ ಒಂದು ಸಲ ಅದುರಿತು. ಅಲ್ಲಿ ಅಂಟಿದ್ದ ಬಿಳಿಯ ಪೊರೆಯ ಒಂದು ಚೂರು ಎದ್ದು ನೆಲಕ್ಕೆ ಬಿತ್ತು.

"ಒಂದ್ ಸಲನೂ ಇಲ್ವಾ?" ಎಂದಳು ಪಿಸುದನಿಯಲ್ಲಿ. "ಜೋರಾಗಿ ಬೇಡ... ಸುಮ್ನೆ ಒಂಚೂರು ಮುಖ ಸಪ್ಪೆ ಮಾಡ್ಕೊಂಡು... ಬಾಗಿಲ ಕಡೆ ನೋಡೋದು... ಅಷ್ಟೂ ಇಲ್ವಾ?"

"ಇಲ್ಲ ಕಣೆ."

ಆಗ ಹೊರಟಿತು ನೋಡಿ, ಯಾವ ಎಳೆಯೂ ತಡೆಯಲಾರದ, ಯಾವ ಹಾಲೂ ಮುಚ್ಚಲಾರದ ಅಳು! ಹೆಲ್ಮೆಟ್ಟು ಹಾಕಿಕೊಂಡೇ, ತರಗೆಲೆ ಅಲುಗಾಡಿಸಿಕೊಂಡು, ಗೋಳೋ ಎಂದು ಅತ್ತಳು. 'ಶ್!' ಎಂದು ಇಡೀ ಊರಿನ ಬಾಯಿ ಮುಚ್ಚಿಸಿದ ಅತ್ತೆ ಒಮ್ಮೆ 'ಶ್' ಎಂದರು, ಎರಡು ಸಲ 'ಶ್' ಎಂದರು, ಮೂರನೆಯದಕ್ಕೆ ಸೋತರು. ಒಳಗಿನ ಕೋಣೆಯಲ್ಲಿ ಮಗುವಿಗೆ ಎಚ್ಚರವಾಯಿತು. ಅದು ಅಳಲಿಲ್ಲ. ಇಷ್ಟು ಚೆನ್ನಾಗಿ ಅಳುವವರು ಯಾರೆಂದು ಕುತೂಹಲದಿಂದ ಕಿವಿಗೊಟ್ಟು ಮಲಗಿತ್ತು.

ಅತ್ತೆ ಸೊಸೆಯನ್ನು ಸೋಫಾದ ಮೇಲೆ ಕೂರಿಸಿಕೊಂಡರು. ಹೆಲ್ಮೆಟ್ಟು ಬಿಚ್ಚಿ, ಆ ಅಂಟು ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡು, ಬೆನ್ನು ತಟ್ಟುತ್ತ ಆಚೆ ಈಚೆ ತೂಗತೊಡಗಿದರು. ಹಾಗೆ ತೂಗುತ್ತಲೇ ಮಗನ ಕಡೆ ನೋಡಿದರು.

"ಮಗೂದು ಏನೂ ಯೋಚನೆ ಇಲ್ಲ ಕಣೋ, ಅದನ್ನ ನಾನು ನೋಡ್ಕೋತೀನಿ. ಆದರೆ ಸೋಮವಾರ ಇವಳು ಅತ್ತರೆ ಎತ್ಕೊಳ್ಳೋಕೆ ಅಲ್ಲಿ ಯಾರಾದರೂ ಇದ್ದಾರಾ ಅಂತ, ಮೊದಲು ಆಫೀಸಿಗೆ ಫೋನ್ ಮಾಡಿ ಕೇಳು."